ನಿಂತ ಕಾರಿನ ಗುಪ್ತವ್ಯಯ

ಕಳೆದ ಮಳೆಗಾಲದ ಒಂದು ರಾತ್ರಿ, ಇಂದಿರಾನಗರದ ನಮ್ಮ ಮನೆಯಲ್ಲಿ ನನ್ನ ಪತ್ನಿಗೆ ಎದೆನೋವು ಕಾಣಿಸಿಕೊಂಡಿತು. ಕಾರಿನ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದಿನ ಹೊರತು ಬೇರೆ ಉತ್ತರವಿಲ್ಲ. ನೆರೆಮನೆಯವರು ತಮ್ಮ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದೈವಕೃಪೆಯಿಂದ ಆಕೆ ಚೇತರಿಸಿಕೊಂಡಳು. ಮರುದಿನವೇ ಹೊಸ ಬ್ಯಾಟರಿ ಹಾಕಿಸಿದೆ. ನಾಲ್ಕನೆಯ ದಿನ ಕಾರು ಮತ್ತೆ ಮೂಕವಾಯಿತು!

ಶಿವಾಜಿನಗರದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. "ಬ್ಯಾಟರಿ ತಪ್ಪು ಮಾಡಿಲ್ಲ ಸಾರ್, ಒಳಗೆ ಯಾರೋ ಕರೆಂಟ್ ಕುಡೀತಾವ್ರೆ" ಎಂದರು ಅವರು. ಛಂದಸ್ಸಿನ ಮಾತ್ರೆಗಳನ್ನಷ್ಟೇ ಎಣಿಸಿ ಬಲ್ಲ ನಾನು ಅಂದು ಮಿಲಿಆಂಪಿಯರುಗಳನ್ನು ಎಣಿಸಲು ಕಲಿತೆ.

ಇಂದಿನ ಕಾರು ನಿಂತಾಗಲೂ ಸಂಪೂರ್ಣವಾಗಿ ನಿದ್ರಿಸುವುದಿಲ್ಲ. ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ಕಂಪ್ಯೂಟರಿನ ನೆನಪು, ಇವುಗಳಿಗಾಗಿ ಸುಮಾರು 20ರಿಂದ 50 ಮಿಲಿಆಂಪಿಯರ್ ವ್ಯಯವಾಗುವುದು ಸಹಜ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ವಾರಗಟ್ಟಲೆ ನಿಂತ ಕಾರುಗಳನ್ನು ಕೈಕೊಡಿಸಲು ಈ ಸಹಜ ವ್ಯಯವೇ ಸಾಕಾಯಿತು. ಮೂರೇ ದಿನಕ್ಕೆ ಬ್ಯಾಟರಿ ಬರಿದಾದರೆ ಮಾತ್ರ ಕಳ್ಳನೊಬ್ಬನಿದ್ದಾನೆಂದೇ ಅರ್ಥ.

ಅವನನ್ನು ಹಿಡಿಯುವ ಕ್ರಮ ಸರಳವಾದುದು. ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿ, ಕೀಲಿಯನ್ನು ದೂರವಿರಿಸಬೇಕು. ತೆರೆದ ಬಾಗಿಲಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆಯೆಂದು ಕಾರನ್ನು ನಂಬಿಸಬೇಕು. ಬಳಿಕ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ಅಳತೆಯಲ್ಲಿ ಜೋಡಿಸಬೇಕು. ಮೀಟರು ಹಾಗಿರುವಾಗ ಎಂಜಿನನ್ನು ಎಂದೂ ಚಾಲೂ ಮಾಡಬಾರದು. ನೂರಾರು ಆಂಪಿಯರುಗಳ ಆ ರಭಸವನ್ನು ಅದು ತಾಳದು. ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಕಾಯಬೇಕು.

ನಮ್ಮ ಮೀಟರು 450 ಮಿಲಿಆಂಪಿಯರ್ ತೋರಿಸಿತು. 35 ಆಂಪಿಯರ್-ಗಂಟೆಯ ಬ್ಯಾಟರಿ ಈ ಲೆಕ್ಕದಲ್ಲಿ ಸುಮಾರು 78 ಗಂಟೆಗಳಲ್ಲಿ ಬರಿದು. ಮೆಕ್ಯಾನಿಕ್ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಮತ್ತೆ ಸಿಕ್ಕಿಸುತ್ತಾ ಹೋದರು. ಒಳದೀಪಗಳ ಫ್ಯೂಸನ್ನು ಕಿತ್ತೊಡನೆ ಅಂಕಿ 30ಕ್ಕೆ ಇಳಿಯಿತು. ಫ್ಯೂಸನ್ನು ಮರಳಿ ಹಾಕಿ, ಮೊಬೈಲಿನ ಕ್ಯಾಮೆರಾ ಓಡುತ್ತಿರುವಂತೆಯೇ ಅದನ್ನು ಡಿಕ್ಕಿಯೊಳಗಿಟ್ಟು, ಒಂದು ನಿಮಿಷ ಮುಚ್ಚಿ ತೆಗೆದರು. ಮುಚ್ಚಿದ ಡಿಕ್ಕಿಯ ಕತ್ತಲಲ್ಲಿ 5 ವ್ಯಾಟಿನ ಪುಟ್ಟ ಬಲ್ಬು ಉರಿಯುತ್ತಲೇ ಇತ್ತು! ಕೆಟ್ಟಿದ್ದುದು ಅದರ ಸ್ವಿಚ್ಚು ಮಾತ್ರ. ಯಾವ ಫ್ಯೂಸಿಗೂ ಅಂಕಿ ಇಳಿಯದಿದ್ದರೆ, ಬ್ಯಾಟರಿಗೆ ನೇರವಾಗಿ ಸೇರಿದ ಆಲ್ಟರ್ನೇಟರಿನ ಡಯೋಡು ಸೋರುತ್ತಿರಬಹುದೆಂದೂ ಅವರು ತಿಳಿಸಿದರು.

ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ತೆತ್ತಿದ್ದೆ; ಸ್ವಿಚ್ಚಿಗೆ ತೆತ್ತದ್ದು ಅದರ ಅಲ್ಪಾಂಶ. ಈಗ ನಾನು ಹದಿನೈದು ದಿನಗಳಿಗೊಮ್ಮೆ ಮೀಟರಿನಿಂದ ಬ್ಯಾಟರಿಯ ನಾಡಿ ನೋಡುತ್ತೇನೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. "ನನ್ನ ನಾಡಿಯನ್ನೂ ಹೀಗೆಯೇ ನೋಡಬಾರದೇ?" ಎಂದು ಪತ್ನಿ ನಗುತ್ತಾಳೆ. ಅದನ್ನೂ ಈಗ ಮರೆಯುವುದಿಲ್ಲ.