ಆಟಿಯ ಬಟ್ಟಲು ಬರಿದಾಗಿ ಮರಳುವುದಿಲ್ಲ

ತುಳುನಾಡಿನ ಹಸಿವಿನ ತಿಂಗಳು ಆಟಿ ಈಗ ಹಬ್ಬವಾಗಿದೆ. ಆ ತಿಂಗಳನ್ನು ದಾಟಲು ನಮ್ಮ ಹಿರಿಯರು ಕಂಡುಕೊಂಡ ದಾರಿ ಇಂದಿನ ಕಷ್ಟಕ್ಕೂ ಸಲ್ಲುತ್ತದೆ.

ಅಟ್ಟದ ಮೂಲೆಯಲ್ಲಿ ಒಂದು ಭರಣಿ ಇತ್ತು. ಕಂದು ಮೈ, ಕೆನೆಬಣ್ಣದ ಕುತ್ತಿಗೆ, ಬಾಯಿಗೆ ಹಳೆ ಬೈರಾಸಿನ ತುಂಡು, ಅದರ ಮೇಲೊಂದು ಹೊಳೆಕಲ್ಲು. ಮೇ ತಿಂಗಳಲ್ಲಿ ಅಜ್ಜಿ ಅದರೊಳಗೆ ಹಲಸಿನ ಸೊಳೆ ಒಂದು ಪದರ, ಕಲ್ಲುಪ್ಪು ಒಂದು ಪದರ ಎಂದು ಒತ್ತಿ ತುಂಬಿಟ್ಟರೆ ಮುಗಿಯಿತು, ಮತ್ತೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮಕ್ಕಳಾದ ನಾವು ಎಷ್ಟು ಕಾಡಿದರೂ ಒಂದೇ ಉತ್ತರ: ‘ಆಟಿ ಬರಲಿ.’

ಆಟಿ ಬಂದು ಭರಣಿಯ ಬಾಯಿ ಬಿಚ್ಚಿದ ದಿನ ಮನೆಯೆಲ್ಲ ಹುಳಿಗಂಪು. ಸೊಳೆಯನ್ನು ನೀರಿನಲ್ಲಿ ನೆನೆಹಾಕಿ, ಉಪ್ಪು ಬಿಡಿಸಿ, ಹಿಂಡಿ, ಪಲ್ಯ ಮಾಡಿದ ಮೇಲೆ ಅಜ್ಜಿ ಮೊದಲು ಬಡಿಸುತ್ತಿದ್ದುದು ಒಂದು ಹಿತ್ತಾಳೆ ಬಟ್ಟಲಿಗೆ. ಅದಕ್ಕೆ ಬಾಳೆಲೆ ಮುಚ್ಚಿ, ತೋಡಿನ ಆಚೆಯ ಮನೆಗೆ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಆ ಮನೆಯವರು ಪಲ್ಯ ಬಗ್ಗಿಸಿಕೊಂಡು, ಬಟ್ಟಲು ತೊಳೆದು, ಅದರಲ್ಲಿ ನಾಲ್ಕು ಹಸಿಮೆಣಸೋ ಒಂದು ಹಿಡಿ ಸೊಪ್ಪೋ ಇಟ್ಟು ಕೊಡುತ್ತಿದ್ದರು. ಏನೂ ಇಲ್ಲದ ದಿನ ಅಂಗಳದ ಎರಡು ದಾಸವಾಳ ಹೂವಾದರೂ ಇರುತ್ತಿತ್ತು. ಬಟ್ಟಲು ಬರಿದಾಗಿ ಮರಳಿದ್ದು ನನಗೆ ನೆನಪಿಲ್ಲ.

ಆ ವಯಸ್ಸಿನಲ್ಲಿ ಅದು ಬರಿಯ ರೂಢಿ ಅಂದುಕೊಂಡಿದ್ದೆ. ತೋಡಿನ ಆಚೆಯ ಮನೆಯಲ್ಲಿ ಆ ದಿನಗಳಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಕೊಟ್ಟವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪಡೆದವರು ತಲೆ ತಗ್ಗಿಸಬೇಕಾಗಿಯೂ ಬರಲಿಲ್ಲ.

ಕೆಲಸವಿಲ್ಲದ ತಿಂಗಳು

ತುಳುವರ ಪಂಚಾಂಗದಲ್ಲಿ ಪಗ್ಗು, ಬೇಶ, ಕಾರ್ತೆಲ್ ಆದ ಮೇಲೆ ಬರುವ ನಾಲ್ಕನೆಯ ತಿಂಗಳು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅದರ ಕಾಲ. ಮಳೆ ಬಿಟ್ಟೂ ಬಿಡದೆ ಸುರಿಯುತ್ತದೆ, ನಡುವೆ ಒಮ್ಮೆ ಇಣುಕುವ ಬಿಸಿಲು ಆನೆಯ ಬೆನ್ನನ್ನೂ ಒಡೆಯುವಷ್ಟು ಚುರುಕು ಎಂದು ತುಳುವಿನಲ್ಲಿ ಗಾದೆಯೇ ಇದೆ. ಅಷ್ಟು ಹೊತ್ತಿಗೆ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ನಾಟಿ ಮುಗಿದಿರುತ್ತದೆ. ನಾಟಿ ಮುಗಿದರೆ ಗದ್ದೆಯಲ್ಲಿ ಕೂಲಿಯಿಲ್ಲ. ಕಡಲು ಕೆರಳಿರುವುದರಿಂದ ದೋಣಿಯೂ ಇಳಿಯದು. ಯಾಂತ್ರಿಕ ಮೀನುಗಾರಿಕೆಗೆ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ನಿಷೇಧ ಇದೆ. ಹಿಂದಿನ ಕೊಯ್ಲಿನ ಅಕ್ಕಿ ತಳ ಕಂಡಿರುತ್ತದೆ, ಹೊಸ ತೆನೆ ಕೈಗೆ ಬರಲು ಇನ್ನೂ ಎರಡು ಮೂರು ತಿಂಗಳು ಕಾಯಬೇಕು.

ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ, ಹುಲ್ಲಿನ ಹಗ್ಗ ಹೊಸೆದು ಬಿಗಿದ ಮುಡಿಯಾಗಿ ಇಡುವುದು ಇಲ್ಲಿಯ ಕ್ರಮವಾಗಿತ್ತು. ಒಂದು ಮುಡಿ ಎಂದರೆ 42 ಸೇರು. ಅಟ್ಟದಲ್ಲಿ ಮುಡಿಗಳ ಸಾಲಿದ್ದ ಮನೆಗೆ ಆಟಿ ಒಂದು ಮಳೆಗಾಲ ಮಾತ್ರ. ಗೇಣಿಗೆ ಗದ್ದೆ ಮಾಡುತ್ತಿದ್ದವರಿಗೆ ಅದು ಉಪವಾಸದ ತಿಂಗಳು. ಆಟಿಯಲ್ಲಿ ಸಾಲವಾಗಿ ತಂದ ಅಕ್ಕಿಯನ್ನು ಕೊಯ್ಲಾದ ಕೂಡಲೇ ಬಡ್ಡಿ ಸೇರಿಸಿ ಅಳೆದುಕೊಡಬೇಕಿತ್ತು. ಗೇಣಿ ಭೂಮಿಯನ್ನು ಉಳುವವನ ಹೆಸರಿಗೆ ತಂದ ಭೂಸುಧಾರಣೆಯ ತಿದ್ದುಪಡಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆಮೇಲೆ ಎಷ್ಟೋ ಮನೆಗಳ ಆಟಿಯ ಹಸಿವು ನಿಂತಿತು. ಮಿತವ್ಯಯವನ್ನು ಹೊಗಳುವ ಮೊದಲು ಈ ಮಾತು ಹೇಳಲೇಬೇಕು. ಹೊಟ್ಟೆಗಿಲ್ಲದವನಿಗೆ ಉಳಿತಾಯದ ಉಪದೇಶ ಮಾಡಿ ಪ್ರಯೋಜನವಿಲ್ಲ, ಅವನಿಗೆ ಮೊದಲು ಸಿಗಬೇಕಾದ್ದು ನ್ಯಾಯ.

ಹಿತ್ತಲೇ ಅಂಗಡಿ

ಇರುವುದರಲ್ಲಿ ಬದುಕುವ ಜಾಣ್ಮೆಯಲ್ಲಿ ನಮ್ಮ ಹೆಂಗಸರನ್ನು ಮೀರಿಸಿದವರಿಲ್ಲ. ಮಳೆ ಬಿದ್ದೊಡನೆ ಬೇಲಿಯ ಬುಡದಲ್ಲಿ ತಾನಾಗಿ ಏಳುವ ತಗಟೆ ಸೊಪ್ಪು ಪಲ್ಯವಾಗುತ್ತಿತ್ತು, ಅಕ್ಕಿಹಿಟ್ಟಿನ ಜೊತೆ ಸೇರಿ ವಡೆಯೂ ಆಗುತ್ತಿತ್ತು. ಗದ್ದೆಯಂಚಿನ ಒಂದೆಲಗ, ತುಳುವಿನಲ್ಲಿ ತಿಮರೆ, ಚಟ್ನಿಗೆ. ಕೆಸುವಿನ ಎಲೆ ಪತ್ರೊಡೆಗೆ. ಆ ಎಲೆಯಿಂದ ಗಂಟಲು ತುರಿಸುತ್ತದೆ, ಅದಕ್ಕೆ ಹುಣಸೆಹುಳಿಯೇ ಮದ್ದು. ಬಿದಿರಿನ ಎಳೆ ಕಳಲೆಯನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಅದರ ನಂಜು ಕಳೆದ ಮೇಲೆಯೇ ಅಡುಗೆ. ಬೇಯಿಸಿ ಉಪ್ಪು ಹಾಕಿ ಒಣಗಿಸಿದ ಹಲಸಿನ ಬೀಜ ಸಾಂತಾಣಿ, ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಮಾವಿನಕಾಯಿ, ಬೇಸಗೆಯಲ್ಲಿ ಒಣಗಿಸಿಟ್ಟ ಮೀನು, ಹುರುಳಿಯ ಸಾರು, ಇವೆಲ್ಲದರ ನಡುವೆ ಕುಚ್ಚಲಕ್ಕಿಯ ಗಂಜಿ.

ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಉಪ್ಪು, ಹುಳಿ, ಹುರುಳಿಯಷ್ಟೇ. ಉಳಿದದ್ದೆಲ್ಲ ಹಿತ್ತಲಿನದು, ಗುಡ್ಡದ್ದು, ಬೇಸಗೆಯಲ್ಲಿ ಕೈಯಾರೆ ಮಾಡಿಟ್ಟದ್ದು. ಹಲಸು ರಾಶಿ ಬಿದ್ದಿರುವ ಮೇ ತಿಂಗಳಲ್ಲೇ ಆಟಿಯನ್ನು ನೆನೆಸಿಕೊಂಡವಳು ಮಾತ್ರ ಭರಣಿ ತುಂಬಬಲ್ಲಳು. ಇದ್ದಾಗ ಇಲ್ಲದ ದಿನವನ್ನು ನೆನೆಯುವುದನ್ನೇ ನಮ್ಮವರು ಮನೆವಾರ್ತೆ ಎಂದದ್ದು.

ಆ ಮನೆವಾರ್ತೆಗೆ ರುಚಿಯ ಹಟವೂ ಇತ್ತು. ಬಡತನದ ಅಡುಗೆ ಎಂದು ಅಜ್ಜಿ ಒಗ್ಗರಣೆ ಬಿಟ್ಟವರಲ್ಲ. ಸೊಳೆಯ ಪಲ್ಯಕ್ಕೆ ತೆಂಗಿನೆಣ್ಣೆ ಒಂದೇ ಚಮಚ, ಆದರೆ ಸಾಸಿವೆ ಸಿಡಿಯುವ ಸದ್ದು ಚಾವಡಿಗೆ ಕೇಳಲೇಬೇಕು. ‘ಸದ್ದು ಕೇಳಿದರೆ ಅರ್ಧ ಹೊಟ್ಟೆ ತುಂಬಿದ ಹಾಗೆ’ ಎಂದು ನಗುತ್ತಿದ್ದರು.

ಮಾರಿ ಓಡಿಸಲು ಬಂದವನು

ಮಳೆಯ ನಡುವೆ ಗೆಜ್ಜೆಯ ಸದ್ದು ಕೇಳಿದರೆ ಆಟಿ ಕಳೆಂಜ ಬಂದ ಎಂದೇ ಅರ್ಥ. ನಲಿಕೆ ಸಮುದಾಯದ ಕಲಾವಿದ ತೆಂಗಿನ ಎಳೆಗರಿಯಾದ ತಿರಿಯನ್ನು ಉಡುಗೆಯಾಗಿ ಸುತ್ತಿಕೊಂಡು, ಮುಖಕ್ಕೆ ಬಣ್ಣ ಬಳಿದು, ಕೈಯಲ್ಲಿ ಓಲೆಯ ಕೊಡೆ ತಿರುಗಿಸುತ್ತ ಅಂಗಳಕ್ಕೆ ಬರುತ್ತಾನೆ. ಜೊತೆಯವರು ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತ ತುಳುವಿನ ಕಥನಗೀತೆಯಾದ ಪಾಡ್ದನ ಹಾಡುತ್ತಾರೆ. ಊರಿಗೆ ಹತ್ತಿದ ಮಾರಿಯನ್ನು, ರೋಗವನ್ನು ಕಳೆಯಲು ಬಂದವನು ಅವನು. ಮನೆಯವರು ಗೆರಸೆಯಲ್ಲಿ ಅಕ್ಕಿ, ಉಪ್ಪು, ಹುಳಿ, ಮೆಣಸು, ಅರಸಿನ, ಇದ್ದಿಲು ಇಟ್ಟು ಕೊಡುತ್ತಾರೆ.

ಈ ಕೊಡುಕೊಳ್ಳುವಿಕೆಯನ್ನು ಹತ್ತಿರದಿಂದ ನೋಡಬೇಕು. ಮಳೆಗಾಲದಲ್ಲಿ ಎಲ್ಲರಿಗಿಂತ ಮೊದಲು ಕೈ ಬರಿದಾಗುವ ಕುಟುಂಬ ಕಳೆಂಜನದು. ಅದು ಬೇಡುವುದಕ್ಕೆಂದು ಅಂಗಳಕ್ಕೆ ಬರುತ್ತಿಲ್ಲ. ಮನೆಗೆ ಆರೋಗ್ಯ ಕೊಟ್ಟು ಅಕ್ಕಿ ಒಯ್ಯುತ್ತದೆ.

ಆದರೂ ಊರಿನ ಬಟ್ಟಲು ಎಲ್ಲರ ಮನೆಗೂ ಸಮನಾಗಿ ಹೋಗಲಿಲ್ಲ. ಕೊರಗ ಸಮುದಾಯವನ್ನು ಊರು ಅಂಗಳದಾಚೆಯೇ ನಿಲ್ಲಿಸಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತನ್ನ ರೋಗ ಕಳೆಯಿತೆಂದು ನಂಬಿತು. ಅಜಲು ಎಂಬ ಆ ಹೀನ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು. ನೆರೆಹೊರೆಯ ಒಳ್ಳೆಯತನದ ಬಗ್ಗೆ ಬರೆಯುವಾಗ ಈ ಅಪರಾಧವನ್ನು ಮರೆಮಾಚಿದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನಾವು ಉಳಿಸಿಕೊಳ್ಳಬೇಕಾದದ್ದು ಬಟ್ಟಲನ್ನು, ಬಿಟ್ಟುಬಿಡಬೇಕಾದದ್ದು ಅದು ಹೋಗದೆ ನಿಂತ ಗಡಿಗಳನ್ನು.

ಚೆನ್ನೆಮಣೆಯ ನಗು

ಕೆಲಸವಿಲ್ಲದೆ ಮನೆಯಲ್ಲೇ ಕುಳಿತವನಿಗೆ ಚಿಂತೆ ಬೇಗ ಹತ್ತುತ್ತದೆ. ಅದಕ್ಕೂ ಆಟಿಯಲ್ಲಿ ಒಂದು ಮದ್ದಿತ್ತು. ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. ಏಳರಂತೆ ಎರಡು ಸಾಲು, ಒಟ್ಟು 14 ಗುಳಿ, ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಕಾಯಿ. ಒಡಹುಟ್ಟಿದವರು ಎದುರುಬದುರಾಗಿ ಆಡಬಾರದು ಎಂಬ ಕಟ್ಟು ಇತ್ತು. ಸಿರಿ ಪಾಡ್ದನದ ಅಬ್ಬಗ–ದಾರಗ ಎಂಬ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳವಾಗಿ ಪ್ರಾಣ ಕಳೆದುಕೊಂಡ ಕಥೆಯನ್ನು ಹಿರಿಯರು ಅದಕ್ಕೆ ಜೋಡಿಸುತ್ತಿದ್ದರು. ಹಾಗಾಗಿ ಆಟಕ್ಕೆ ಪಕ್ಕದ ಮನೆಯವರು ಬೇಕೇ ಬೇಕು. ಮಳೆಯಲ್ಲಿ ಓಲೆಯ ಗೊರಬೆ ಹೊತ್ತುಕೊಂಡು ಬಂದವರು ಚಾವಡಿಯಲ್ಲಿ ಕುಳಿತರೆ, ಕಾಯಿ ಗುಳಿಗೆ ಬೀಳುವ ಟಕಟಕ ಸದ್ದಿಗೆ ಹಾಸ್ಯ, ಒಗಟು ಎಲ್ಲ ಸೇರಿಕೊಳ್ಳುತ್ತಿತ್ತು.

ತೋಡಿನ ಆಚೆಯ ಮನೆಯಾಕೆ ಆಟದಲ್ಲಿ ಬಲು ಚುರುಕು. ಒಮ್ಮೆ ಅಜ್ಜಿಯ ಸಾಲಿನ ಗುಳಿಗಳನ್ನೆಲ್ಲ ಖಾಲಿ ಮಾಡಿ, ‘ನನ್ನ ಅಕ್ಕಿ ಡಬ್ಬಿಯೂ ಹೀಗೇ ಇದೆ, ಈಗ ಇಬ್ಬರೂ ಸಮ’ ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಸಂಜೆ ಅವರು ಹೊರಡುವಾಗ ಅಜ್ಜಿ ಅವರ ಸೆರಗಿಗೆ ಎರಡು ಸೇರು ಅಕ್ಕಿ ಸುರಿದರು. ಅಳುತ್ತ ಹೇಳಲಾಗದ ಮಾತನ್ನು ಆಕೆ ನಗುತ್ತ ಹೇಳಿದ್ದರು, ಅಜ್ಜಿ ಅದನ್ನು ಕೇಳಿಸಿಕೊಂಡಿದ್ದರು. ಕಷ್ಟದ ನಡುವೆ ನಗು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆ ಸಂಜೆ ನೆನಪಾಗುತ್ತದೆ.

ಕಲೆಯನ್ನೇ ನಂಬಿದವರಿಗೂ ಆಟಿ ಕಠಿಣ. ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ದೀಪಾವಳಿಯ ನಂತರವೇ. ಈ ನಡುವೆ ಭಾಗವತರು, ಮದ್ದಳೆಗಾರರು, ಒಂದಿಬ್ಬರು ವೇಷಧಾರಿಗಳು ಸೇರಿ ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ದೀಪ ಹಚ್ಚಿದ ಚಾವಡಿಯಲ್ಲಿ ಸ್ವಲ್ಪ ಹೊತ್ತು ಪ್ರಸಂಗದ ಒಂದು ತುಣುಕು ಆಡಿ, ಮನೆಯವರು ಕೊಟ್ಟ ಅಕ್ಕಿ, ಕಾಯಿ, ಕಾಣಿಕೆ ಪಡೆಯುತ್ತಾರೆ. ಕುಟುಂಬಕ್ಕೆ ನಾಲ್ಕು ಕಾಸು, ಮನೆಯ ಮಕ್ಕಳಿಗೆ ಚೆಂಡೆಮದ್ದಳೆಯ ರುಚಿ.

ಎರಡಾಣೆಯ ಪಾಠ

ಭರಣಿ ತುಂಬಿದ ಕೈಗಳ ಊರಿನಲ್ಲೇ ಬ್ಯಾಂಕುಗಳೂ ಹುಟ್ಟಿದವು. ಕೈಮಗ್ಗದ ನೇಕಾರರು ಸೋತು ಕುಳಿತಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭವಾಯಿತು. ಕಟ್ಟಿದವರು ಮೂವರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಮೂಲ ಬಂಡವಾಳ 8,000 ರೂಪಾಯಿ. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಪಡೆಯುತ್ತಿದ್ದರು.

ಅನ್ನಕ್ಕಿಡುವ ಅಕ್ಕಿಯಿಂದ ದಿನಕ್ಕೊಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದ ಹೆಂಗಸಿಗೆ ಈ ಲೆಕ್ಕ ಹೊಸದಾಗಿರಲಿಲ್ಲ. ದಿನದ ಒಂದು ಹಿಡಿ ಕಾಣಿಸುವುದಿಲ್ಲ, ತಿಂಗಳ ಮೂವತ್ತು ಹಿಡಿ ಕಾಣಿಸುತ್ತದೆ. ಬಡವನಿಗೆ ಉಳಿಸುವ ಶಕ್ತಿ ಇಲ್ಲ ಎಂದು ದೊಡ್ಡವರು ನಂಬಿದ್ದರು. ಅವನ ಬಾಗಿಲಿಗೆ ಬಂದು ಗೌರವದಿಂದ ಕೇಳುವವರು ಇರಲಿಲ್ಲ, ಕೊರತೆ ಇದ್ದದ್ದು ಅಷ್ಟೇ ಎಂಬುದನ್ನು ಪಿಗ್ಮಿ ತೋರಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಕನ್ನಡದ ಪೇಟೆಬೀದಿಗಳಲ್ಲಿ ಉಳಿದಿದೆ.

ಸಭಾಂಗಣದ ಆಟಿ

ಈಗ ಆಟಿ ಬಂತೆಂದರೆ ಮಂಗಳೂರು, ಉಡುಪಿಗಳಲ್ಲಿ ಮಾತ್ರವಲ್ಲ, ಮುಂಬೈ, ಬೆಂಗಳೂರು, ದುಬೈಗಳಲ್ಲೂ ‘ಆಟಿಡೊಂಜಿ ದಿನ’ದ, ಅಂದರೆ ಆಟಿಯಲ್ಲೊಂದು ದಿನದ, ಸಂಭ್ರಮ. ಸಭಾಂಗಣದ ಮೇಜಿನ ಮೇಲೆ ಪತ್ರೊಡೆ, ಕಳಲೆ, ತಗಟೆಯ ವಡೆ ಸಾಲಾಗಿ ನಿಲ್ಲುತ್ತವೆ. ಚೆನ್ನೆಮಣೆ ಸ್ಪರ್ಧೆ, ಕಳೆಂಜನ ಕುಣಿತ. ಮುಂಬೈಯ ತುಳುವರಲ್ಲಿ ಎಷ್ಟೋ ಜನರ ಹಿರಿಯರು ಇಂಥ ತಿಂಗಳ ಹಸಿವಿಗೆ ಹೆದರಿಯೇ ಊರು ಬಿಟ್ಟವರು. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಅವರ ಮೊಮ್ಮಕ್ಕಳು ಅದೇ ಸೊಪ್ಪನ್ನು ಹಬ್ಬದೂಟವಾಗಿ ಉಣ್ಣುವುದು ನನಗೆ ಸಂತೋಷ ಕೊಡುತ್ತದೆ. ಹಸಿವು ನೆನಪಾಗಿ ಉಳಿಯುವುದು ಗೆಲುವೇ.

ಆದರೆ ಆಟಿ ಮುಗಿದಿಲ್ಲ, ಅದಕ್ಕೆ ಈಗ ತಿಂಗಳ ಕಟ್ಟಿಲ್ಲ. ಕೆಲಸ ಕಳೆದುಕೊಂಡವನ ಮನೆಯಲ್ಲಿ ಆಟಿ ಇದೆ, ಆಸ್ಪತ್ರೆಯ ಬಿಲ್ಲು ಹಿಡಿದು ನಿಂತವಳ ಮನೆಯಲ್ಲಿ ಇದೆ. ಕಿರುಸಾಲದ ವಸೂಲಿಯವರು ಬಾಗಿಲು ಬಡಿಯುತ್ತಾರೆಂದು ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ನಮ್ಮ ರಾಜ್ಯವೇ ಕಂಡಿದೆ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಬೀಗ ಹಾಕಿದ ಮನೆಗಳ ಬಗ್ಗೆ ಓದಿದಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕಾಡುತ್ತದೆ: ಪಕ್ಕದ ಮನೆಗೆ ಏನೂ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ. ಏಕೆಂದರೆ ಅವರ ನಡುವೆ ಬಟ್ಟಲು ಓಡಾಡುತ್ತಿರಲಿಲ್ಲ.

ಸಾಲಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕುಗ್ಗಿಸುವುದು ಅದನ್ನು ಬಚ್ಚಿಡುವ ನಾಚಿಕೆ. ಪಕ್ಕದ ಮನೆಯವರೊಂದಿಗೆ ದಿನವೂ ಎರಡು ಮಾತು, ವಾರಕ್ಕೊಮ್ಮೆ ಒಂದು ನಗು ಇದ್ದಲ್ಲಿ ಆ ನಾಚಿಕೆ ಕರಗುತ್ತದೆ. ಮಾತೇ ಇಲ್ಲದ ಕಡೆ ಸಹಾಯ ಮಾಡಲು ಬಂದವನೂ ಅಪರಿಚಿತನಂತೆ ಕಾಣುತ್ತಾನೆ. ನೆರೆಯವರ ಸ್ನೇಹವನ್ನೂ ಭರಣಿಯ ಹಾಗೆ ಇದ್ದಾಗಲೇ ತುಂಬಿಡಬೇಕು.

ಅಜ್ಜಿಯ ಬಟ್ಟಲು ಈಗ ನನ್ನ ಅಡುಗೆಮನೆಯಲ್ಲಿದೆ, ಅಂಚು ಸ್ವಲ್ಪ ನೆಗ್ಗಿದೆ. ಈ ಆಟಿಯಲ್ಲಿ ನೀವು ಪತ್ರೊಡೆ ಮಾಡಿದರೆ, ಅಥವಾ ಬರಿಯ ಅನ್ನಸಾರು ಮಾಡಿದರೂ, ಒಂದು ಬಟ್ಟಲು ಪಕ್ಕದ ಮನೆಗೆ ಕಳಿಸಿ. ಅವರು ಯಾವ ಜಾತಿ, ಯಾವ ಊರು ಎಂದು ಕೇಳಬೇಡಿ. ನಿಮ್ಮ ಮನೆಗೆ ಬಟ್ಟಲು ಬಂದರೆ ನಾಚದೆ ತೆಗೆದುಕೊಳ್ಳಿ, ತೊಳೆದು, ಎರಡು ದಾಸವಾಳವನ್ನಾದರೂ ಇಟ್ಟು ಮರಳಿಸಿ.