ಲವಂಗದಷ್ಟು ಗಡಿಯಾರ

1929ರಲ್ಲಿ ಸ್ವಿಟ್ಜರ್ಲೆಂಡಿನ ಲಕೂಲ್ಟ್ರ್ ಕಾರ್ಖಾನೆ ಒಂದು ಪುಟ್ಟ ಯಂತ್ರವನ್ನು ಹೊರತಂದಿತು. ಉದ್ದ 14 ಮಿಲಿಮೀಟರ್, ಅಗಲ 4.8, ದಪ್ಪ 3.4. ತೂಕ ಸುಮಾರು ಒಂದು ಗ್ರಾಂ. ಒಂದು ಲವಂಗವನ್ನು ಅಂಗೈಯಲ್ಲಿಟ್ಟು ನೋಡಿದರೆ ಗಾತ್ರದ ಅಂದಾಜು ಸಿಗುತ್ತದೆ. ಅಷ್ಟರೊಳಗೆ ಸ್ಪ್ರಿಂಗು, ಹಲ್ಲಿನ ಚಕ್ರಗಳು, ಮಾಣಿಕ್ಯದ ಹರಳುಗಳು ಎಲ್ಲ ಸೇರಿ 74 ಬಿಡಿಭಾಗಗಳಿದ್ದವು. ‘ಕ್ಯಾಲಿಬರ್ 101’ ಎಂಬ ಈ ಯಂತ್ರವನ್ನು ಮಾಡಿದ್ದು ಹೆಂಗಸರ ಕೈಗಡಿಯಾರಕ್ಕಾಗಿ. 1953ರಲ್ಲಿ ಪಟ್ಟಾಭಿಷೇಕದ ದಿನ ಎರಡನೆಯ ಎಲಿಜಬೆತ್ ರಾಣಿಯ ಮಣಿಕಟ್ಟಿನಲ್ಲಿದ್ದದ್ದು ಇದೇ ಯಂತ್ರದ ವಾಚು. ಸ್ಪ್ರಿಂಗಿನಿಂದ ಓಡುವ ಗಡಿಯಾರಗಳಲ್ಲಿ ಇಂದಿಗೂ ಇದೇ ಅತಿ ಚಿಕ್ಕದೆಂದು ಹೆಸರಾಗಿದೆ.

ಹಳೆಯ ವಾಚುಗಳ ಮಾರುಕಟ್ಟೆಯಲ್ಲಿ ಮಾತ್ರ ಹೆಂಗಸರ ವಾಚಿಗೆ ಬೆಲೆ ಕಡಿಮೆ. ಅದೇ ಕಂಪನಿ, ಅದೇ ಕಾಲದ ಗಂಡಸರ ವಾಚಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಭಾಗಕ್ಕೇ ಅದು ಸಿಗುತ್ತದೆ. ಸಣ್ಣದು ಎಂದರೆ ದೊಡ್ಡದರ ನಕಲು, ಒಡವೆಯ ಜೊತೆಗೊಂದು ಅಲಂಕಾರ ಎಂಬ ಭಾವನೆ ಬೇರೂರಿದೆ. ಈ ಭಾವನೆ ತಪ್ಪು. ವಾಚನ್ನು ಚಿಕ್ಕದು ಮಾಡುವುದು ಯಂತ್ರಶಾಸ್ತ್ರದ ಅತಿ ಕಠಿಣ ಕೆಲಸಗಳಲ್ಲೊಂದು.

ಕೀ ಕೊಟ್ಟಾಗ ಒಳಗಿನ ಮುಖ್ಯ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವಾಗ ಹೊಮ್ಮುವ ಬಲ ಹಲ್ಲಿನ ಚಕ್ರಗಳ ಸಾಲಿನಲ್ಲಿ ಸಾಗಿ ಬ್ಯಾಲೆನ್ಸ್ ಚಕ್ರವನ್ನು ಮುಟ್ಟುತ್ತದೆ. ಈ ಚಕ್ರ ಒಂದೇ ದಿಕ್ಕಿನಲ್ಲಿ ತಿರುಗುತ್ತಾ ಹೋಗುವುದಿಲ್ಲ. ಕೂದಲಿಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗಿನ ಹಿಡಿತದಲ್ಲಿ ಅತ್ತಿತ್ತ ತೂಗುತ್ತದೆ. ಒಂದೊಂದು ತೂಗಾಟಕ್ಕೂ ಚಕ್ರಗಳು ಚೂರು ಮುಂದೆ ಸರಿಯಲು ಬಿಡುಗಡೆ ಸಿಗುತ್ತದೆ. ನಮ್ಮ ಕಿವಿಗೆ ಬೀಳುವ ಟಿಕ್ ಟಿಕ್ ಅದೇ. ಹಳೆಯ ವಾಚುಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 18,000 ಬಡಿತ, ಅಂದರೆ ದಿನಕ್ಕೆ 4,32,000. ವಾಚು ದಿನಕ್ಕೆ ಒಂದು ನಿಮಿಷ ಹಿಂದೆ ಬಿದ್ದರೆ ನಾವು ಅದನ್ನು ಕೆಟ್ಟಿದೆ ಎನ್ನುತ್ತೇವೆ. ಲೆಕ್ಕ ಹಾಕಿದರೆ ಆ ತಪ್ಪು ಶೇಕಡಾ 0.07 ಮಾತ್ರ.

ಈ ಲಯವನ್ನು ಕಾಪಾಡುವುದು ಬ್ಯಾಲೆನ್ಸ್ ಚಕ್ರದ ಜಡತ್ವ. ಕೈ ಬೀಸಿದಾಗ, ಬಸ್ಸು ಕುಲುಕಿದಾಗ ಭಾರವಾದ ಅಗಲ ಚಕ್ರ ಅಷ್ಟು ಸುಲಭವಾಗಿ ಲಯ ತಪ್ಪದು. ಹಾಗಾದರೆ ಚಕ್ರದ ಎಲ್ಲ ಅಳತೆಗಳನ್ನೂ ಅರ್ಧಕ್ಕೆ ಇಳಿಸಿದರೆ ಏನಾಗುತ್ತದೆ? ಉದ್ದ, ಅಗಲ, ದಪ್ಪ ಮೂರೂ ಅರ್ಧವಾಗುವುದರಿಂದ ತೂಕ ಎಂಟನೇ ಒಂದಕ್ಕೆ ಇಳಿಯುತ್ತದೆ. ತಿರುಗುವ ವಸ್ತುವಿನ ಜಡತ್ವಕ್ಕೆ ತೂಕದ ಜೊತೆ ತ್ರಿಜ್ಯದ ವರ್ಗವೂ ಸೇರುತ್ತದೆ. ಅಲ್ಲಿ ಇನ್ನೂ ನಾಲ್ಕನೇ ಒಂದು. ಒಟ್ಟಿನಲ್ಲಿ ಉಳಿಯುವುದು ಮೂವತ್ತೆರಡನೇ ಒಂದು ಭಾಗ. ಮುಖ್ಯ ಸ್ಪ್ರಿಂಗಿನಲ್ಲಿ ಕೂಡಿಡಬಹುದಾದ ಶಕ್ತಿಯೂ ಎಂಟನೇ ಒಂದಕ್ಕೆ ಇಳಿಯುತ್ತದೆ. ಹೀಗೆ ಎಲ್ಲವೂ ಕುಗ್ಗುವಾಗ ಅಚ್ಚುಗಳಿಗೆ ಹಾಕುವ ಎಣ್ಣೆ ಕುಗ್ಗುವುದಿಲ್ಲ! ಅದರ ಅಂಟು ದೊಡ್ಡ ವಾಚಿನಲ್ಲಿ ಎಷ್ಟೋ ಚಿಕ್ಕದರಲ್ಲೂ ಅಷ್ಟೇ. ಧೂಳಿನ ಕಣವೂ ಅಷ್ಟೇ ದಪ್ಪ. ಗಂಡಸರ ವಾಚು ನುಂಗಿಕೊಳ್ಳುವ ಒಂದು ಕಣ ಹೆಂಗಸರ ವಾಚನ್ನು ನಿಲ್ಲಿಸಿಬಿಡುತ್ತದೆ.

ಈ ಲೆಕ್ಕವನ್ನು ಯಾರೂ ಗೆಲ್ಲಲಾಗದು; ಅದರ ಸುತ್ತ ದಾರಿ ಹುಡುಕಬಹುದು, ಅಷ್ಟೆ. ಆ ದಾರಿಗಳನ್ನು ಹುಡುಕಿದವರ ಜಾಣ್ಮೆ ಕಂಡು ನನಗೆ ಹಳೆಯ ಲೇಡೀಸ್ ವಾಚುಗಳ ಮೇಲೆ ಪ್ರೀತಿ ಹುಟ್ಟಿತು. ಉದ್ದನೆಯ ಆಯತಾಕಾರದ ವಾಚುಗಳನ್ನೇ ನೋಡಿ. ಒಂದೇ ಮಟ್ಟದಲ್ಲಿ ಎಲ್ಲವನ್ನೂ ಜೋಡಿಸಿದರೆ ಬ್ಯಾಲೆನ್ಸ್ ಚಕ್ರಕ್ಕೆ ಉಳಿಯುವ ಜಾಗ ತೀರಾ ಕಡಿಮೆ. 1925ರಲ್ಲಿ ಬಂದ ‘ಡ್ಯುಯೊಪ್ಲಾನ್’ ಯಂತ್ರದಲ್ಲಿ ಅದೇ ಲಕೂಲ್ಟ್ರ್‌ನವರು ಮಹಡಿ ಮನೆಯ ಉಪಾಯ ಹೂಡಿದರು. ಬಿಡಿಭಾಗಗಳನ್ನು ಎರಡು ಅಂತಸ್ತಿನಲ್ಲಿ ಹರಡಿ, ಬ್ಯಾಲೆನ್ಸ್ ಚಕ್ರವನ್ನು ಆದಷ್ಟು ದೊಡ್ಡದಾಗಿಯೇ ಉಳಿಸಿಕೊಂಡರು. 101 ಹುಟ್ಟಿದ್ದು ಈ ಉಪಾಯದಿಂದಲೇ. ಕೀ ಕೊಡುವ ಗುಂಡಿಯನ್ನೂ ಬದಿಯಿಂದ ತೆಗೆದು ವಾಚಿನ ಬೆನ್ನಿಗೆ ಕೂರಿಸಿದರು. ಇಂಥ ವಾಚು ಕೈಗೆ ಬಂದಾಗ ಗುಂಡಿ ಬಿದ್ದುಹೋಗಿದೆ ಎಂದುಕೊಳ್ಳದೆ ಒಮ್ಮೆ ತಿರುಗಿಸಿ ನೋಡಬೇಕು.

ತಾನಾಗಿಯೇ ಕೀ ತುಂಬಿಕೊಳ್ಳುವ ವಾಚಿನಲ್ಲಿ ತೊಡಕು ಇನ್ನೂ ದೊಡ್ಡದು. ಕೈ ಆಡಿದಂತೆ ಒಳಗಿನ ಒಂದು ತೂಕ ಸರಿದಾಡಿ ಸ್ಪ್ರಿಂಗನ್ನು ಸುತ್ತಬೇಕು. ಪುಟ್ಟ ವಾಚಿನಲ್ಲಿ ಅಷ್ಟು ತೂಕವನ್ನು ಇಡುವುದೆಲ್ಲಿ? 1930ರ ಸುಮಾರಿಗೆ ಬ್ಲಾಂಪಾಂ ಕಂಪನಿಯ ‘ರೋಲ್ಸ್’ ವಾಚಿನಲ್ಲಿ ಇಡೀ ಯಂತ್ರವನ್ನೇ ತೂಕವಾಗಿ ಬಳಸಿದರು. ಸಣ್ಣ ಉಕ್ಕಿನ ಗುಂಡುಗಳ ಮೇಲೆ ಯಂತ್ರವೇ ಪೆಟ್ಟಿಗೆಯೊಳಗೆ ಹಿಂದೆ ಮುಂದೆ ಜಾರುತ್ತಿತ್ತು. 1933ರಿಂದ ಆ ಕಂಪನಿಯನ್ನು ನಡೆಸಿದ ಬೆಟ್ಟಿ ಫೀಶ್ಟರ್ ಹದಿಹರೆಯದಲ್ಲೇ ಅಲ್ಲಿ ಕೆಲಸಕ್ಕೆ ಸೇರಿದ್ದವರು. ಅವರ ಕಾಲದಲ್ಲಿ, 1956ರಲ್ಲಿ ಬಂದ ‘ಲೇಡಿಬರ್ಡ್’ ವಾಚಿನ ದುಂಡು ಯಂತ್ರದ ವ್ಯಾಸ ಕೇವಲ 11.85 ಮಿಲಿಮೀಟರ್.

ಕೈಗಡಿಯಾರ ಎಂಬುದೇ ಮೊದಲಿಗೆ ಹೆಂಗಸರದು. ಗಡಿಯಾರ ತಯಾರಕ ಬ್ರೆಗೆ, ನೇಪಲ್ಸ್ ರಾಣಿ ಕರೋಲಿನ್ ಮ್ಯುರಾಳ ಮಣಿಕಟ್ಟಿಗೆಂದು ವಾಚು ಮಾಡಿ ಮುಗಿಸಿದ್ದು 1812ರಲ್ಲಿ. ಪಾಟೆಕ್ ಫಿಲಿಪ್ ಕಂಪನಿ 1868ರಲ್ಲಿ ಮಾಡಿದ ಕೈಗಡಿಯಾರವೂ ಹಂಗೇರಿಯ ಒಬ್ಬ ಕೌಂಟೆಸ್ ಪಾಲಾಯಿತು. ಗಂಡಸರು ಆಗ ಜೇಬಿನ ಗಡಿಯಾರವನ್ನೇ ನೆಚ್ಚಿದ್ದರು. ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಅವರಲ್ಲಿ ವ್ಯಾಪಕವಾಗಿ ರೂಢಿಗೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ.

ನಮ್ಮಲ್ಲಿ ಈ ಕಥೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೇರೂರಿತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ವಾಚು ತಯಾರಿಕೆ ಶುರುಮಾಡಿತು. ಗಂಡಸರಿಗೆ ‘ಜನತಾ’ ಇದ್ದಂತೆ ಹೆಂಗಸರಿಗೆ ‘ಸುಜಾತಾ’ ಬಂತು. ಮದುವೆಯಲ್ಲಿ ಮಗಳಿಗೆ ಕೊಟ್ಟ ವಾಚು, ಮೊದಲ ಸಂಬಳದಲ್ಲಿ ಟೀಚರಮ್ಮ ಕೊಂಡ ವಾಚು ಎಂದು ಎಷ್ಟೋ ಮನೆಗಳ ಬೀರುವಿನಲ್ಲಿ ಅವು ಇಂದಿಗೂ ಇವೆ. ಅಲಂಕಾರದ ಮಾತು ಬಿಡಿ, ಬೆಳಗಿನ ಬಸ್ಸಿಗೂ ಶಾಲೆಯ ಗಂಟೆಗೂ ಸಮಯ ಹೇಳಿದ ಯಂತ್ರಗಳು ಅವು. ಅರಮನೆಯ ಸ್ವಿಸ್ ಒಡವೆಗಿಂತ ಒಂದು ಗೀರುಬಿದ್ದ ಸುಜಾತಾ ನನಗೆ ಹೆಚ್ಚು ಆಪ್ತ.

ಇವುಗಳ ಕಾಲ ಮುಗಿಸಿದ್ದು ಕ್ವಾರ್ಟ್ಜ್. 1969ರ ಕೊನೆಯಲ್ಲಿ ಜಪಾನಿನ ಸೈಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ತೂಗುವ ಚಕ್ರವಿಲ್ಲ, ಹಾಗಾಗಿ ಮೂವತ್ತೆರಡನೇ ಒಂದರ ಲೆಕ್ಕವೂ ಇಲ್ಲ. ಚಿಕ್ಕದಾದರೂ ಸಮಯ ನಿಖರ. ಹಳೆಯ ವಾಚುಗಳು ಮೂಲೆ ಸೇರಿದವು. ಚಿನ್ನದ ಬೆಲೆ ಏರಿದಂತೆ ಅವುಗಳ ಹೊರಕವಚಗಳು ಕರಗಿದವು, ಒಳಗಿನ ಯಂತ್ರಗಳು ಡಬ್ಬಿ ಸೇರಿದವು. ಹೀಗೆ ಕಳೆದುಹೋದ ಕೆಲಸಗಾರಿಕೆಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಂಗ್ರಹಕ್ಕೆ ಕೈಹಾಕುವವರು ಮೊದಲು ಡಯಲನ್ನು ಅನುಮಾನಿಸಬೇಕು. ಐವತ್ತು ವರ್ಷದ ವಾಚಿನ ಮುಖ ಹೊಸದರಂತೆ ಹೊಳೆಯುತ್ತಿದ್ದರೆ, ಅಕ್ಷರಗಳು ದಪ್ಪಗೆ ಒರಟಾಗಿದ್ದರೆ ಅದು ಮತ್ತೆ ಬಣ್ಣ ಬಳಿದದ್ದು. ನಮ್ಮ ದೇಶದ ಹಳೆ ವಾಚಿನ ವ್ಯಾಪಾರದಲ್ಲಿ ಇದು ಬಹಳ. ಮಾಸಿದ ಅಸಲು ಡಯಲೇ ಮೇಲು. ಆಮೇಲೆ ಕೀ. ಕೊಡುವಾಗ ಬೆರಳಿಗೆ ಸಮನಾದ ತಡೆ ಸಿಗಬೇಕು. ಓಡುತ್ತಿದೆ ಎಂದ ಮಾತ್ರಕ್ಕೆ ದಿನವೂ ಕಟ್ಟಬಾರದು. ಎಣ್ಣೆ ಒಣಗಿದ ವಾಚು ಓಡುತ್ತಲೇ ತನ್ನ ಅಚ್ಚುಗಳನ್ನು ಸವೆಸಿಕೊಳ್ಳುತ್ತದೆ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೇ ಒಂದಕ್ಕಿಂತಲೂ ತೆಳು. ವಾಚು ಒಮ್ಮೆ ನೆಲಕ್ಕೆ ಬಿದ್ದರೂ ಮುರಿಯಬಹುದು, ಅದರಲ್ಲೂ ಆಘಾತ ತಡೆಯುವ ಏರ್ಪಾಡಿಲ್ಲದ ಹಳೆಯ ಯಂತ್ರಗಳಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಷ್ಟು ಸಣ್ಣ ಯಂತ್ರ ಬಿಚ್ಚಲು ಒಪ್ಪುವ ರಿಪೇರಿಯವರು ಈಗ ವಿರಳ, ಒಪ್ಪಿದರೂ ಬಿಡಿಭಾಗ ಸಿಗುವುದು ಕಷ್ಟ. ಆದ್ದರಿಂದ ಮೆಚ್ಚಿದ ವಾಚಿನ ಜೊತೆಗೆ ಅದೇ ಯಂತ್ರವಿರುವ ಕೆಟ್ಟುನಿಂತ ಇನ್ನೊಂದನ್ನೂ ಕೊಂಡಿಡುವುದು ಒಳ್ಳೆಯದು. ಮುಂದೆ ಬೇಕಾಗುವ ಅಚ್ಚು, ಗುಂಡಿ, ತಿರುಪುಮೊಳೆ ಎಲ್ಲ ಅದರಿಂದಲೇ ಬರಬೇಕು.