ಕ್ಲೌಡ್ ಉಗ್ರಾಣಗಳ ಹೊಸ ಸೌಲಭ್ಯಗಳು: ಒಂದು ವಿವೇಚನೆ

ರೋಣ ಸೀಮೆಯ ಎರೆನೆಲದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಕಾಪಿಡುತ್ತಿದ್ದರು. ಪರರ ಹಗೇವಿನಲ್ಲಿ ಕಾಳು ಇಡುವವನಿಗೆ ಮೂರು ಪ್ರಶ್ನೆಗಳು ಸಹಜ: ಇಟ್ಟದ್ದು ಇಟ್ಟಂತೆ ದೊರೆಯುವುದೆ? ನನ್ನ ಕಾಳಿನಲ್ಲಿ ಮತ್ತೊಬ್ಬರ ಕಾಳು ಬೆರೆಯದೆ? ಬೇಕಾದಾಗ ಒಯ್ಯಲು ತಡೆಯುಂಟೆ? ಕ್ಲೌಡ್ ಸಂಸ್ಥೆಗಳು ವರ್ಷವರ್ಷವೂ ಪ್ರಕಟಿಸುವ ಹೊಸ ಸೌಲಭ್ಯಗಳನ್ನು ಅಳೆಯಲು ಇವೇ ತಕ್ಕ ಒರೆಗಲ್ಲುಗಳೆಂದು ತೋರಿಸುವುದು ಈ ಲೇಖನದ ಉದ್ದೇಶ.

2000ದಿಂದ ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರದಲ್ಲಿವೆ. ಅಬ್ಬಿಗೇರಿಯ ಹೊಲವೊಂದರ ಖಾತೆ ತಂದೆಯಿಂದ ಮಗನಿಗೆ ಬದಲಾಯಿತೆನ್ನೋಣ. ಅಂಥ ದಾಖಲೆಯನ್ನು ಕ್ಲೌಡ್ ಉಗ್ರಾಣದಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು? ಇದು ಕೇವಲ ದೃಷ್ಟಾಂತ. ಭೂಮಿ ಯೋಜನೆ ಮುಂದೆ ಹೇಳುವ ಉಗ್ರಾಣವನ್ನು ಬಳಸುತ್ತದೆಂದು ಅರ್ಥವಲ್ಲ.

ಅಮೆಜಾನ್ ಸಂಸ್ಥೆಯ ಎಸ್3 ಎಂಬ ಉಗ್ರಾಣ 2006ರಲ್ಲಿ ಆರಂಭವಾಯಿತು. ಕಡತಗಳ ಮತ್ತು ಅವುಗಳ ಸೂಚಿಯ ಪ್ರತಿಗಳು ಅಲ್ಲಿ ಹಲವು ಯಂತ್ರಗಳಲ್ಲಿರುವುದರಿಂದ, ತಿದ್ದುಪಡಿ ಎಲ್ಲೆಡೆ ಹರಡುವ ಮುನ್ನ ಓದಿದವನಿಗೆ ಹಳೆಯ ಪ್ರತಿ ದೊರೆಯುವ ಸಂಭವವಿತ್ತು; ಮಗನ ಹೆಸರು ಬರೆದ ಬಳಿಕವೂ ಕ್ಷಣಕಾಲ ತಂದೆಯ ಹೆಸರೇ ಕಾಣಬಹುದಾಗಿತ್ತು. 2020ರ ಡಿಸೆಂಬರಿನಲ್ಲಿ ಈ ದೋಷ ನಿವಾರಣೆಯಾಯಿತು. ಬರೆಹ ಯಶಸ್ವಿಯಾಯಿತೆಂದು ಉಗ್ರಾಣ ತಿಳಿಸಿದ ಮೇಲೆ ಓದುವವರೆಲ್ಲರಿಗೂ ಹೊಸ ಪ್ರತಿಯೇ ದೊರೆಯುವುದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಇಬ್ಬರು ನೌಕರರು ಒಂದೇ ಕಡತವನ್ನು ಏಕಕಾಲದಲ್ಲಿ ತೆರೆದು ತಿದ್ದಿದರೆ, ಕೊನೆಗೆ ಬರೆದವನದು ಉಳಿದು ಮೊದಲಿನವನದು ಸದ್ದಿಲ್ಲದೆ ಅಳಿಯುವುದು. 2024ರ ಆಗಸ್ಟಿನಲ್ಲಿ, ಆ ಹೆಸರಿನ ಕಡತ ಮೊದಲೇ ಇದ್ದರೆ ಬರೆಯಬಾರದೆಂಬ ಷರತ್ತನ್ನೂ, ನವೆಂಬರಿನಲ್ಲಿ, ತಾನು ಓದಿದ ಪ್ರತಿ ಬದಲಾಗದೆ ಇದ್ದರೆ ಮಾತ್ರ ಬರೆಯಬೇಕೆಂಬ ಷರತ್ತನ್ನೂ ವಿಧಿಸುವ ಅವಕಾಶ ಬಂದಿತು. ಆದರೆ ಷರತ್ತನ್ನು ಪ್ರೋಗ್ರಾಮು ಬರೆಯುವವನೇ ಕೇಳಬೇಕು. ಕೇಳದವನಿಗೆ ಈ ರಕ್ಷಣೆಯಿಲ್ಲ.

ಮೂರನೆಯದು ಬಿಡುಗಡೆಯ ಪ್ರಶ್ನೆ. ಉಗ್ರಾಣದೊಳಕ್ಕೆ ದತ್ತಾಂಶ ತರುವುದು ಸಾಮಾನ್ಯವಾಗಿ ಉಚಿತ. ಹೊರಕ್ಕೆ ಒಯ್ಯುವುದಕ್ಕೆ ಶುಲ್ಕ. ಸೇವೆಯನ್ನೇ ತೊರೆದುಹೋಗುವ ಗ್ರಾಹಕರಿಗೆ ಗೂಗಲ್ 2024ರ ಜನವರಿಯಲ್ಲಿಯೂ ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಮಾರ್ಚಿಯಲ್ಲಿಯೂ ಈ ಶುಲ್ಕದ ವಿನಾಯಿತಿ ಘೋಷಿಸಿದವು. ಐರೋಪ್ಯ ಒಕ್ಕೂಟದ ದತ್ತಾಂಶ ಕಾಯಿದೆ, ಸಂಸ್ಥೆ ಬದಲಿಸುವವರಿಂದ ಶುಲ್ಕ ವಸೂಲಿಯನ್ನು ನಿಷೇಧಿಸಲು 2027ರ ಜನವರಿ 12ನ್ನು ಗೊತ್ತುಪಡಿಸಿದೆ. ಆ ಕಾಯಿದೆ ಭಾರತಕ್ಕೆ ಅನ್ವಯಿಸುವುದಿಲ್ಲ.

ಶುಲ್ಕ ತೊಲಗಿದ ಮಾತ್ರಕ್ಕೆ ಬಂಧನ ತೊಲಗಿತೆನ್ನಲಾಗದು. ಒಂದು ಸಂಸ್ಥೆಯ ವಿಶಿಷ್ಟ ಸೌಲಭ್ಯಗಳನ್ನೇ ನೆಚ್ಚಿ ಬರೆದ ಪ್ರೋಗ್ರಾಮುಗಳನ್ನು ಬೇರೆಡೆ ಹೊಸದಾಗಿ ಬರೆಯಬೇಕಾಗುತ್ತದೆ. ಹೊಸ ಸೌಲಭ್ಯ ಆಕರ್ಷಕವಾದಷ್ಟೂ ಈ ಕಟ್ಟು ಬಿಗಿಯಾಗುವುದು. ಆದುದರಿಂದ ಸೌಲಭ್ಯವೊಂದು ಪ್ರಕಟವಾದಾಗ ಅದರ ವೇಗವನ್ನೂ ಅಗ್ಗತನವನ್ನೂ ಮಾತ್ರ ನೋಡದೆ, ಕಾಳು ಇಟ್ಟವನ ಹಕ್ಕನ್ನು ಅದು ಹೆಚ್ಚಿಸುವುದೋ, ಹಗೇವಿನ ಒಡೆಯನದನ್ನೋ ಎಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸತಕ್ಕದ್ದು.